ಉದ್ಯಮದ ಪಾಠ ಕೇಳಿದರೆ ಸ್ವಂತ ಬಿಸಿನೆಸ್ ಶುರು ಮಾಡುವ ಮನಸ್ಸು ಬರುತ್ತದೆಯೇ?

ಬರಬಹುದು, ಆದರೆ ನಾವು ಅಂದುಕೊಂಡಷ್ಟು ಅಲ್ಲ. 2014ರಲ್ಲಿ 73 ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದಾಗ ಪಾಠಕ್ಕೂ ಮನಸ್ಸಿಗೂ ಇರುವ ನಂಟು ಸಣ್ಣದೇ ಎಂದು ಕಂಡಿತು. ಮೊದಲೇ ಆಸೆ ಇದ್ದವರು ಯಾರು ಎಂದು ಲೆಕ್ಕ ಹಿಡಿದರೆ ಅದೂ ನಿಲ್ಲಲಿಲ್ಲ. 2010ರಲ್ಲಿ ಪ್ರಕಟವಾದ ನೆದರ್‌ಲ್ಯಾಂಡ್ಸ್‌ನ ಅಧ್ಯಯನದಲ್ಲಂತೂ ಕೋರ್ಸ್ ಮುಗಿಸಿದವರ ಉತ್ಸಾಹ ಇಳಿದಿತ್ತು! ನನಗೆ ಇದು ಸೋಲು ಅನಿಸುವುದಿಲ್ಲ. ಸಾಲ ಮಾಡಿ ಕೈ ಸುಟ್ಟುಕೊಳ್ಳುವ ಬದಲು ಕ್ಲಾಸಿನಲ್ಲೇ ಗೊತ್ತಾದರೆ ಒಳ್ಳೆಯದೇ ಅಲ್ವಾ?

ಮನಶ್ಶಾಸ್ತ್ರಜ್ಞ ಐಸೆಕ್ ಐಜನ್ ಪ್ರಕಾರ ಇಂಥ ಮನಸ್ಸಿನ ಹಿಂದೆ ಮೂರು ಸಂಗತಿ ಇರುತ್ತವೆ: ಒಲವು, ಸುತ್ತಲಿನವರ ಮಾತು, ನನ್ನಿಂದಾಗುತ್ತದೆ ಎಂಬ ಧೈರ್ಯ. ಧೈರ್ಯವನ್ನು ಕ್ಲಾಸು ಕೊಟ್ಟೀತು. ನಮ್ಮ ಕಾಸರಗೋಡಿನಲ್ಲಿ ತೊಡಕು ಸುತ್ತಲಿನವರ ಮಾತಿನದ್ದು. ಬದಿಯಡ್ಕದ ಹುಡುಗ ಅಡಿಕೆ ಹಾಳೆಯ ಊಟದ ತಟ್ಟೆ ಮಾಡುತ್ತೇನೆ ಎಂದರೆ ಮನೆಯಲ್ಲಿ ಬರುವ ಉತ್ತರ: "ಸುಮ್ನೆ ಸರ್ಕಾರಿ ಕೆಲಸಕ್ಕೆ ಪಿಎಸ್‌ಸಿ ಪರೀಕ್ಷೆ ಬರಿ ಮಾರಾಯ." ಪಾಠ ಕೇಳದ ಅಪ್ಪನನ್ನು ಯಾವ ಪಾಠ ಒಪ್ಪಿಸೀತು?

ಹಾಗಾಗಿ ಪುಸ್ತಕದ ಪಾಠಕ್ಕಿಂತ ಕೈಗೆ ಕೆಲಸ ಕೊಡುವ ಕೋರ್ಸ್ ಹುಡುಕಿ. ನೂರು ತಟ್ಟೆ ಮಾಡಿ, ಜಾತ್ರೆಯಲ್ಲಿ ಮಾರಿ, ಉಳಿದ ದುಡ್ಡನ್ನು ಅಪ್ಪನ ಎದುರೇ ಎಣಿಸಿ.