ಪ್ರತಿಕ್ರಿಯೆ: ಎಲ್ ನಿನೊ ಇದ್ದರೂ ಡೊಂಬಿವಲಿ ಯಾಕೆ ಮುಳುಗಿತು?

2023 ಎಲ್ ನಿನೊ ವರ್ಷ, ಅಂದರೆ ಪೆಸಿಫಿಕ್ ಸಾಗರದ ನೀರು ಬಿಸಿಯಾಗಿ ನಮ್ಮ ಮುಂಗಾರು ಕುಗ್ಗುವ ಒಲವಿರುವ ವರ್ಷ; ಆದರೂ ಜುಲೈಯಲ್ಲಿ ಮುಂಬೈ ಬಳಿಯ ಡೊಂಬಿವಲಿಯಲ್ಲಿ ಅಷ್ಟು ಮಳೆ ಸುರಿದದ್ದು ಯಾಕೆ ಅಂತ ಕೇಳಿದ್ದೀರಿ. ಎಲ್ ನಿನೊ ಹೇಳುವುದು ಇಡೀ ದೇಶದ ನಾಲ್ಕು ತಿಂಗಳ ಒಲವನ್ನು, ನಿಮ್ಮ ಬೀದಿಯ ಒಂದು ವಾರವನ್ನಲ್ಲ.

ಸಮುದ್ರದ ಮೇಲ್ಮೈ ಸುಮಾರು 28 ಡಿಗ್ರಿ ದಾಟಿದ ಕಡೆ ಗಾಳಿ ಜೋರಾಗಿ ಮೇಲೇರಿ ದಟ್ಟ ಮೋಡ ಕಟ್ಟುತ್ತದೆ. ಎಲ್ ನಿನೊ ಬಂದಾಗ ಆ ಬಿಸಿನೀರು ಇಂಡೋನೇಷ್ಯಾ ಕಡೆಯಿಂದ ಮಧ್ಯ ಪೆಸಿಫಿಕ್‌ಗೆ ಸರಿಯುತ್ತದೆ, ಮೇಲೇರುವ ಗಾಳಿಯೂ ಅದರ ಹಿಂದೆಯೇ ಹೋಗುತ್ತದೆ. ನಮ್ಮ ಭಾಗದಲ್ಲಿ ಗಾಳಿ ಕೆಳಗಿಳಿಯುವ ಪ್ರವೃತ್ತಿ ಹೆಚ್ಚಿ ಮೋಡ ಬೆಳೆಯುವುದಕ್ಕೆ ಅಡ್ಡಿ. ಆ ವರ್ಷದ ಆಗಸ್ಟ್ 1901ರಿಂದೀಚೆಗೆ ದೇಶದ ಅತಿ ಒಣ ಆಗಸ್ಟ್ ಆದದ್ದರಲ್ಲಿ ಇದರ ಪಾಲಿದೆ.

ಮುಂಬೈ ಕರಾವಳಿಯ ಮಳೆಗೆ ಬೇರೆಯೇ ಯಂತ್ರವಿದೆ: ತೀರಕ್ಕೆ ಸಮಾನಾಂತರವಾಗಿ ಬೀಳುವ ಕಡಿಮೆ ಒತ್ತಡದ ಪಟ್ಟಿ, ಅರಬ್ಬಿ ಸಮುದ್ರದ ತೇವ, ಎದುರಿಗೆ ಘಟ್ಟ. ಮೂರೂ ಕೂಡಿದರೆ ಪೆಸಿಫಿಕ್ ಏನೇ ಹೇಳಲಿ, ಒಂದೇ ದಿನ 200 ಮಿ.ಮೀ. ಸುರಿಯಬಹುದು.

ಹಿಂದೂ ಮಹಾಸಾಗರದ ದ್ವಿಧ್ರುವವನ್ನೂ, ಅಂದರೆ ಅದರ ಪಶ್ಚಿಮ ಮತ್ತು ಪೂರ್ವ ಬದಿಗಳ ನೀರಿನ ಬಿಸಿಯ ವ್ಯತ್ಯಾಸವನ್ನೂ ನೋಡಿ. ಪಶ್ಚಿಮ ಭಾಗ ಬೆಚ್ಚಗೆ, ಪೂರ್ವದ ಸುಮಾತ್ರಾ ಬದಿ ತಣ್ಣಗೆ ಇದ್ದರೆ ಅದು ಧನಾತ್ಮಕ, ನಮ್ಮ ಮುಂಗಾರಿಗೆ ನೆರವು. 1997ರ ಪ್ರಬಲ ಎಲ್ ನಿನೊ ಇದ್ದರೂ ಮುಂಗಾರು ಕೈಕೊಡದೆ ಸರಾಸರಿಯಷ್ಟು ಬಂದದ್ದಕ್ಕೆ ಇದನ್ನೇ ಮುಖ್ಯ ಕಾರಣವೆಂದು ಹೇಳುತ್ತಾರೆ.

ಮುಂದಿನ ಸಲ ನಿನೊ 3.4 ಸೂಚ್ಯಂಕ (ಮಧ್ಯ ಪೆಸಿಫಿಕ್‌ನ ನೀರು ವಾಡಿಕೆಗಿಂತ ಎಷ್ಟು ಡಿಗ್ರಿ ಬಿಸಿ ಎಂಬ ಅಳತೆ) +0.5 ದಾಟಿತು ಎಂಬ ಸುದ್ದಿ ಕಂಡರೆ ದ್ವಿಧ್ರುವ ಸೂಚ್ಯಂಕ +0.4ರ ಮೇಲಿದೆಯೇ ಅಂತಲೂ ನೋಡಿ. ಏಪ್ರಿಲ್‌ನ ಅಂದಾಜನ್ನು ಮಾತ್ರ ಅಷ್ಟಾಗಿ ನೆಚ್ಚಬೇಡಿ, ವಸಂತದಲ್ಲಿ ಮಾದರಿಗಳು ಎಡವುವುದು ಹೆಚ್ಚು.