ಹವ್ಯಾಸದ ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ) ಯಂತ್ರದಲ್ಲಿ ಮರದ ಉಬ್ಬು ಕೆತ್ತನೆಗೆ ರಫಿಂಗ್ ಪಾಸ್ (ಹೆಚ್ಚುವರಿ ಮರವನ್ನು ಮೊದಲು ಒರಟಾಗಿ ತೆಗೆಯುವ ಹಂತ) ಬೇಕೇ? ಯಾವ ಬಿಟ್ ಸೂಕ್ತ?

ಆಳ ಕಡಿಮೆಯಿರುವ ಅಕ್ಷರಗಳಿಗೆ ಬೇಡ; ಉಬ್ಬು ಕೆತ್ತನೆಗೆ ಮಾತ್ರ ರಫಿಂಗ್ ಬೇಕೇ ಬೇಕು, ಏಕೆಂದರೆ ತೆಳು ತುದಿಯ ಬಾಲ್‌ನೋಸ್ (ದುಂಡು ಮೂತಿಯ) ಬಿಟ್ಟನ್ನು ನೇರವಾಗಿ ಆಳಕ್ಕೆ ಇಳಿಸಿದರೆ ಅದು ಬಾಗಿ ಮುರಿಯುವ ಸಂಭವ ಹೆಚ್ಚು. ಮೊದಲು 6 ಮಿ.ಮೀ. ವ್ಯಾಸದ, ಎರಡು ಫ್ಲೂಟ್‌ಗಳ (ಕತ್ತರಿಸುವ ಅಂಚುಗಳ) ಫ್ಲಾಟ್ ಎಂಡ್‌ಮಿಲ್‌ನಿಂದ, ಅಂದರೆ ಚಪ್ಪಟೆ ತುದಿಯ ಬಿಟ್‌ನಿಂದ, ಹೆಚ್ಚುವರಿ ಮರವನ್ನು ತೆಗೆದು, ಅಂತಿಮ ಮೇಲ್ಮೈಯ ಮೇಲೆ ಸುಮಾರು 0.5 ಮಿ.ಮೀ. ಉಳಿಸಿಕೊಳ್ಳಿ. ಸಣ್ಣ ಯಂತ್ರಗಳ ಚೌಕಟ್ಟು ಅಷ್ಟು ಬಿಗಿಯಾಗಿರುವುದಿಲ್ಲವಾದ್ದರಿಂದ, ಗಟ್ಟಿಮರದಲ್ಲಿ ಒಂದು ಪಾಸ್‌ಗೆ 2 ಮಿ.ಮೀ. ಆಳ, ವ್ಯಾಸದ ಶೇ. 40ರಷ್ಟು ಸ್ಟೆಪ್‌ಓವರ್ (ಅಕ್ಕಪಕ್ಕದ ಎರಡು ಓಟಗಳ ನಡುವಿನ ಅಂತರ) ಇಟ್ಟು ಆರಂಭಿಸುವುದು ಕ್ಷೇಮ.

ಹೊಸಬರು ಹೆಚ್ಚಾಗಿ ಎಡವುವುದು ಫೀಡ್ ವಿಷಯದಲ್ಲಿ, ಅಂದರೆ ಬಿಟ್ ಮರದಲ್ಲಿ ಮುಂದೆ ಸಾಗುವ ವೇಗದಲ್ಲಿ. ನಿಮಿಷಕ್ಕೆ 16,000 ಸುತ್ತು, 2 ಫ್ಲೂಟ್, ಪ್ರತಿ ಫ್ಲೂಟ್‌ಗೆ 0.05 ಮಿ.ಮೀ. ಚಿಪ್ (ಪ್ರತಿ ಸುತ್ತಿನಲ್ಲಿ ಒಂದು ಅಂಚು ಕತ್ತರಿಸುವ ಚಕ್ಕೆ) ಎಂದಿಟ್ಟುಕೊಂಡರೆ, ಮೂರನ್ನೂ ಗುಣಿಸಿದಾಗ ನಿಮಿಷಕ್ಕೆ 1,600 ಮಿ.ಮೀ. ಫೀಡ್ ದೊರೆಯುತ್ತದೆ. ಭಯದಿಂದ ಇದನ್ನು ತೀರಾ ಇಳಿಸಿದರೆ ಬಿಟ್ ಕತ್ತರಿಸುವ ಬದಲು ಉಜ್ಜುತ್ತದೆ, ಬಿಸಿಯೇರಿ ಬೇಗ ಮೊಂಡಾಗುತ್ತದೆ. ಯಂತ್ರ ನಿಲ್ಲಿಸಿ ಹೊಟ್ಟನ್ನು ಬೆರಳಲ್ಲಿ ತೆಗೆದು ನೋಡಿ: ಚಿಕ್ಕ ಚಕ್ಕೆಗಳಿದ್ದರೆ ಸರಿ, ಹಿಟ್ಟಿನಂತೆ ನುಣ್ಣಗಿದ್ದು ಸುಟ್ಟ ವಾಸನೆ ಬಂದರೆ ಫೀಡ್ ಹೆಚ್ಚಿಸಿ ಇಲ್ಲವೇ ಸುತ್ತು ತಗ್ಗಿಸಿ.

ಫಿನಿಶಿಂಗ್‌ಗೆ 1 ಮಿ.ಮೀ. ತ್ರಿಜ್ಯದ ಟೇಪರ್ಡ್ ಬಾಲ್‌ನೋಸ್ ಉತ್ತಮ. ಅದರ ಬುಡ ದಪ್ಪವಿರುವುದರಿಂದ ಅಲುಗಾಟ ಕಡಿಮೆ. ಸ್ಟೆಪ್‌ಓವರ್ ಅನ್ನು 0.4ರಿಂದ 0.2 ಮಿ.ಮೀ.ಗೆ ಇಳಿಸಿದರೆ ಸಮತಟ್ಟಾದ ಭಾಗದ ಗೆರೆಗಳ ಎತ್ತರ 0.02ರಿಂದ 0.005 ಮಿ.ಮೀ.ಗೆ, ಅಂದರೆ ಕಾಲು ಭಾಗಕ್ಕೆ, ಇಳಿಯುತ್ತದೆ. ಸಮಯ ಮಾತ್ರ ಹೆಚ್ಚುಕಡಿಮೆ ಎರಡರಷ್ಟು. ಮರಳುಕಾಗದ ತಲುಪದ ಸೂಕ್ಷ್ಮ ಕುಸುರಿಯಿದ್ದಲ್ಲಿ ಆ ಸಮಯ ಕೊಡುವುದೇ ಸರಿಯೆಂಬುದು ನನ್ನ ಅಭಿಪ್ರಾಯ.