ನಲ್ಲಿ ಬಿಟ್ಟು ಬರಲ್ಲ ಅನ್ನೋ ಮಗಳು

ಪ್ರಶ್ನೆ: ಮಗಳಿಗೆ ಎರಡು ವರ್ಷ. ಮೂರನೇ ಮಹಡಿಯ ಮನೆ, ಅಂಗಳ ಇಲ್ಲ. ಬಚ್ಚಲಿಗೆ ಹೋದರೆ ನಲ್ಲಿ ಬಿಟ್ಟು ಬರಲ್ಲ, ಎತ್ತಿಕೊಂಡು ಬಂದರೆ ರಂಪ. ಆನ್‌ಲೈನ್‌ನಲ್ಲಿ ‘ಸೆನ್ಸರಿ ಕಿಟ್’ ಅಂತ ನೀರಾಟದ ಸಾಮಾನು ಮಾರುತ್ತಾರೆ. ತಗೊಳ್ಳಲೇಬೇಕಾ? ಮನೆಯೊಳಗೆ ಆಡಿಸುವುದು ಹೇಗೆ?
– ಒಬ್ಬ ತಾಯಿ, ಬೆಂಗಳೂರು

ಉತ್ತರ: ತಗೋಬೇಡಿ. ಬೇಕಾದ್ದೆಲ್ಲ ನಿಮ್ಮ ಅಡುಗೆಮನೆಯಲ್ಲೇ ಇದೆ. ಬಟ್ಟೆ ನೆನೆಸುವ ಅಗಲದ ಟಬ್ಬಿಗೆ ಎರಡು ಬೆರಳಿನಷ್ಟು ಉಗುರು ಬೆಚ್ಚಗಿನ ನೀರು ಹಾಕಿ. ಮಗು ಅದನ್ನು ಕುಡಿಯುತ್ತೆ, ನೀವು ಎಷ್ಟು ಬೇಡ ಅಂದರೂ ಕುಡಿಯುತ್ತೆ, ಆದ್ದರಿಂದ ಶುದ್ಧ ನೀರೇ ಇರಲಿ, ಸೋಪಿನ ಪುಡಿ ಬೇಡ. ಸ್ಟೀಲ್ ಲೋಟ, ಸೌಟು, ಟೀ ಸೋಸುವ ಜರಡಿ, ಆಲಿಕೆ – ಒಂದು ಸಲಕ್ಕೆ ಎರಡು ಸಾಮಾನು ಸಾಕು, ಎಲ್ಲಾ ಒಟ್ಟಿಗೆ ಸುರಿದರೆ ಯಾವುದನ್ನೂ ನೆಟ್ಟಗೆ ಆಡಲ್ಲ.

ಇಡ್ಲಿ ತಟ್ಟೆಯನ್ನು ಮಾತ್ರ ಮರೀಬೇಡಿ. ತೂತುಗಳಿಂದ ನೀರು ಎಳೆ ಎಳೆಯಾಗಿ ಇಳಿಯುವಾಗ ಮಗು ಮೊದಲು ಅಂಗೈ ಒಡ್ಡುತ್ತೆ. ಆಮೇಲೆ ಒಂದು ತೂತಿಗೆ ಬೆರಳಿಟ್ಟು ಮುಚ್ಚಿ, ಪಕ್ಕದ್ದರಿಂದ ಇನ್ನೂ ಬರ್ತಾನೇ ಇದೆಯಲ್ಲಾ ಅಂತ ಬಗ್ಗಿ ಅಡಿಯಿಂದ ನೋಡುತ್ತೆ. ಆಗ ನೀವು ಸುಮ್ನೆ ಕೂತಿರಿ. ‘ಇದು ಯಾವ ಬಣ್ಣ? ಇದು ಎಷ್ಟು?’ ಅಂತ ಪಾಠ ಶುರು ಮಾಡಿದರೆ ಆಟ ಅಲ್ಲಿಗೇ ಕೆಟ್ಟಿತು.

ನಾಲ್ಕೈದು ವರ್ಷದ ಅಣ್ಣ ಅಕ್ಕ ಇದ್ದರೆ ಕಿತ್ತಳೆ ಹಣ್ಣು ಕೊಡಿ. ಆಳದ ಪಾತ್ರೆಯಲ್ಲಿ ಸಿಪ್ಪೆ ಸಮೇತ ತೇಲುತ್ತೆ, ಸುಲಿದರೆ ಮುಳುಗುತ್ತೆ, ಯಾಕಂದ್ರೆ ಸಿಪ್ಪೆಯೊಳಗೆ ಗಾಳಿ ತುಂಬಿರುತ್ತೆ. ಇನ್ನೊಂದು: ಒಂದೇ ಥರದ ಎರಡು ಲೋಟಕ್ಕೆ ಸಮ ನೀರು ಹಾಕಿ, ಮಗುವಿನ ಎದುರೇ ಒಂದನ್ನು ಉದ್ದನೆಯ ಸಪೂರ ಬಾಟಲಿಗೆ ಸುರಿದು ‘ಯಾವುದರಲ್ಲಿ ಜಾಸ್ತಿ?’ ಅಂತ ಕೇಳಿ. ಈ ವಯಸ್ಸಿನ ಹೆಚ್ಚಿನ ಮಕ್ಕಳು ಬಾಟಲಿ ತೋರಿಸುತ್ತಾರೆ. ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞ ಜಾನ್ ಪಿಯಾಜೆ ಇದನ್ನು ಮಕ್ಕಳ ಜೊತೆ ಮಾಡಿ ನೋಡಿದವರು. ಏಳರ ಆಸುಪಾಸಿಗೆ ತಾನಾಗಿ ಗೊತ್ತಾಗುತ್ತೆ, ಈಗಲೇ ತಿದ್ದುವ ಆತುರ ಬೇಡ.

ಒಂದು ವಿಷಯದಲ್ಲಿ ಮಾತ್ರ ನಾನು ಗಟ್ಟಿ. ಮಗುವನ್ನು ನೀರಿನ ಹತ್ತಿರ ಒಂದು ನಿಮಿಷವೂ ಒಂಟಿಯಾಗಿ ಬಿಡಬೇಡಿ. ಎರಡು ಇಂಚು ನೀರಿನಲ್ಲೂ ಪುಟ್ಟ ಮಗು ಮುಳುಗಬಹುದು. ಈ ವಯಸ್ಸಿನಲ್ಲಿ ಮೈಯ ಅಳತೆಗೆ ತಲೆ ದೊಡ್ಡದು, ಭಾರ, ಬಕೆಟ್ಟಿಗೆ ತಲೆಕೆಳಗಾಗಿ ಬಿದ್ದರೆ ಎದ್ದು ಬರಲಾಗದು, ಕೂಗಲೂ ಆಗದು. ಬಾಗಿಲು ಬಡಿದರೆ, ಹಾಲು ಉಕ್ಕಿದರೆ, ಒದ್ದೆ ಮಗುವನ್ನು ಎತ್ತಿಕೊಂಡೇ ಹೋಗಿ. ಟೈಲ್ಸ್ ಜಾರುತ್ತೆ, ಟಬ್ಬಿನ ಅಡಿಗೆ ಹಳೇ ಬೆಡ್‌ಶೀಟ್ ಹಾಸಿ. ಎಕ್ಸ್‌ಟೆನ್ಷನ್ ಬಾಕ್ಸ್ ಆ ಕೋಣೆಯಲ್ಲೇ ಬೇಡ. ಮುಗಿದ ತಕ್ಷಣ ಟಬ್ ಬೋರಲು ಹಾಕಿ. ನಾಳೆಗಿರಲಿ ಅಂತ ನೀರು ಇಟ್ಟುಕೊಂಡರೆ ಡೆಂಗಿ ಸೊಳ್ಳೆಗೂ ಅದೇ ಬೇಕಾಗಿರೋದು.

ರಂಪಕ್ಕೆ ಬರೋಣ. ಎಳೆದು ತಂದರೆ ಅಳದೆ ಇನ್ನೇನು ಮಾಡುತ್ತೆ? ‘ಇನ್ನು ಐದು ಲೋಟ, ಆಮೇಲೆ ತುಳಸಿಗೆ ಹಾಕೋಣ’ ಅಂತ ಮೊದಲೇ ಹೇಳಿ, ಕೊನೆಯ ನೀರನ್ನು ಅವಳ ಕೈಯಿಂದಲೇ ಗಿಡಕ್ಕೆ ಸುರಿಸಿ. ಮೊದಲೆರಡು ದಿನ ಅಳಬಹುದು, ನೀವು ಹೇಳಿದ್ದು ಬದಲಾಗಬಾರದು ಅಷ್ಟೇ.

ಪ್ರಶ್ನೆ: ನೀರಾಟ ಆಡಿಸಿದರೆ ಶೀತ ಆಗುತ್ತೆ ಅಂತ ಅತ್ತೆ ಬಿಡ್ತಾ ಇಲ್ಲ.
– ಓದುಗರು, ಶಿವಮೊಗ್ಗ

ಉತ್ತರ: ನೆಗಡಿ ಬರುವುದು ವೈರಸ್‌ನಿಂದ, ನೀರಿನಿಂದಲ್ಲ. ಆದರೆ ಒದ್ದೆ ಬಟ್ಟೆಯಲ್ಲಿ ಫ್ಯಾನಿನ ಕೆಳಗೆ ಬಿಟ್ಟರೆ ಮಗು ನಡುಗುತ್ತೆ, ಅಷ್ಟರ ಮಟ್ಟಿಗೆ ಅತ್ತೆಯವರದ್ದು ಸರಿ. ಆಟ ಮುಗಿದ ಕೂಡಲೇ ಮೈ ಒರೆಸಿ ಬಟ್ಟೆ ಬದಲಾಯಿಸಿ. ಜ್ವರ ಇದ್ದ ದಿನ ಬೇಡ. ‘ಅತ್ತೆ, ನೀವೇ ಸ್ವಲ್ಪ ನೋಡ್ಕೊಳ್ಳಿ’ ಅಂತ ಅವರನ್ನೇ ಟಬ್ಬಿನ ಪಕ್ಕ ಕೂರಿಸಿ ನೋಡಿ, ಅರ್ಧ ಜಗಳ ಅಲ್ಲೇ ಮುಗಿಯುತ್ತೆ.

ಪ್ರಶ್ನೆ: ನಮ್ಮಲ್ಲಿ ಟ್ಯಾಂಕರ್ ನೀರು. ಮೊಮ್ಮಗನ ಆಟಕ್ಕೆ ಚೆಲ್ಲಲು ಮನಸ್ಸು ಬರಲ್ಲ.
– ಒಬ್ಬ ತಾತ, ಕೋಲಾರ

ಉತ್ತರ: ಚೆಲ್ಲಬೇಡಿ ತಾತ. ಹೇಗೂ ಖರ್ಚಾಗುವ ನೀರನ್ನೇ ಆಟಕ್ಕೆ ಕೊಡಿ. ಮಣ್ಣು ಹತ್ತಿದ ಆಲೂಗಡ್ಡೆ ತೊಳೆಯಲಿ, ಅಕ್ಕಿಯಲ್ಲಿ ಕೈಯಾಡಿಸಲಿ. ಕಲಗಚ್ಚು ಹಸುವಿಗೋ ಗಿಡಕ್ಕೋ ಹೋಗುತ್ತೆ. ಅರ್ಧ ಲೋಟ ನೀರು, ಒಂದು ಸ್ಪಂಜು, ಎರಡು ಬಟ್ಟಲು – ಅದ್ದಿ ಇದಕ್ಕೆ ಹಿಂಡು, ಅದ್ದಿ ಅದಕ್ಕೆ ಹಿಂಡು. ಇದಕ್ಕಿಂತ ಕಡಿಮೆ ನೀರಿನ ಆಟ ನನಗೆ ಗೊತ್ತಿಲ್ಲ, ಬೆರಳುಗಳಿಗೂ ಒಳ್ಳೇ ಕೆಲಸ.

ಪ್ರಶ್ನೆ: ನೀರಲ್ಲಿ ಉಬ್ಬುವ ಬಣ್ಣದ ಜೆಲ್ ಮಣಿಗಳನ್ನು ಕೊಡಬಹುದಾ?
– ಓದುಗರು, ಹುಬ್ಬಳ್ಳಿ

ಉತ್ತರ: ಬೇಡವೇ ಬೇಡ. ನುಂಗಿದರೆ ಹೊಟ್ಟೆಯೊಳಗೂ ಉಬ್ಬಿ ಕರುಳಿಗೆ ಅಡ್ಡ ಸಿಕ್ಕಿಕೊಳ್ಳಬಹುದು, ಆಪರೇಷನ್ ಮಾಡಬೇಕಾಗಿ ಬಂದ ಮಕ್ಕಳಿದ್ದಾರೆ. ನುಂಗಿರಬಹುದು ಅಂತ ಅನುಮಾನ ಬಂದರೂ ವಾಂತಿಗಾಗಿ ಕಾಯದೆ ಆಸ್ಪತ್ರೆಗೆ ಹೋಗಿ. ಈ ಮಣಿ ಎಕ್ಸ್‌ರೇಯಲ್ಲಿ ಸಾಮಾನ್ಯವಾಗಿ ಕಾಣಲ್ಲ, ಉಳಿದ ಮಣಿಗಳ ಪ್ಯಾಕೆಟ್ ಜೊತೆಗೆ ಒಯ್ದು ಡಾಕ್ಟರಿಗೆ ತೋರಿಸಿ.